ಬಿರಾದಾರ ಬಾಯಿಯ ಉಲ್ಲೇಖಗಳು

ಕೆಲವರ ಕೆಲಸವೇ ಹಾಗೆ, ಅವರು ಎಲ್ಲಿಗೆ ಹೋದರೂ ಅವರಿಗಿಂತ ಮುಂಚೆ ಒಂದು ತಮಾಷೆ ಹೋಗಿ ಕೂತಿರುತ್ತದೆ. ನನ್ನದು ಫಿಜಿಯಾಲಜಿ, ಅಂದರೆ ಶರೀರಕ್ರಿಯಾ ವಿಜ್ಞಾನ. ಎದೆ ಹೇಗೆ ಬಡಿಯುತ್ತದೆ, ಉಸಿರು ಹೇಗೆ ಆಡುತ್ತದೆ, ಉಂಡದ್ದು ರಕ್ತಕ್ಕೆ ಹೇಗೆ ಸೇರುತ್ತದೆ ಎಂದು ಅಳೆದು ಬರೆಯುವ ಕೆಲಸ. ಇಲಿ, ಕಪ್ಪೆ ಇಟ್ಟುಕೊಂಡು ಈ ಕೆಲಸ ಮಾಡುವವರಿಗೆ ಯಾವ ಕಾಟವೂ ಇಲ್ಲ. ಇಲಿ ತಿರುಗಿ ಮಾತಾಡುವುದಿಲ್ಲ. ನಾನು ಅಳೆದದ್ದು ಗಡಿಯಾಚೆ ಮರಾಠಿ ರಾಜ್ಯಕ್ಕೆ ಸೇರಿದ ಉಮರ್ಗಾ, ನಿಲಂಗಾ, ಉದಗೀರದ ಕಡೆಯ ಮಂದಿಯನ್ನು. ಇವರು ಸುಮ್ಮನೆ ಕೂತು ಅಳೆಸಿಕೊಳ್ಳುವ ಪೈಕಿ ಅಲ್ಲ.

ನಾನು ಹುಟ್ಟಿದ್ದು ಭಾಲ್ಕಿ ಕಡೆ, ಸೊಸೆಯಾಗಿ ಬಂದದ್ದು ದೇವಣಿ ಹತ್ತಿರದ ಒಂದು ಒಕ್ಕಲುತನದ ಮನೆಗೆ, ಕಲಿಸುವುದು ಉದಗೀರ ರಸ್ತೆಯ ಒಂದು ಕಾಲೇಜಿನಲ್ಲಿ. ಓದಿದ ಹೆಂಗಸನ್ನು ಈ ಕಡೆ ಬಾಯಿ ಅನ್ನುತ್ತಾರೆ, ಅಂದರೆ ಅಮ್ಮಾವರು. ಮೊದಲೇ ಹೇಳಿಬಿಡುತ್ತೇನೆ, ನಾನು ಒಳ್ಳೆಯ ಸಂಶೋಧಕಿ. ‘ಏನೋ ಅಲ್ಪಸ್ವಲ್ಪ ಮಾಡಿದ್ದೇನೆ’ ಎಂದು ನೆಲ ನೋಡಿ ಹೇಳುವ ಅಭ್ಯಾಸ ನನಗಿಲ್ಲ. ಆದರೆ ನಮ್ಮ ಲೋಕದಲ್ಲಿ ನಾನು ಒಳ್ಳೆಯವಳೆಂದು ನಾನೇ ಹೇಳಿದರೆ ನಡೆಯುವುದಿಲ್ಲ. ಪ್ರಬಂಧ ಅಚ್ಚಾಗಬೇಕು. ಅಚ್ಚಾದದ್ದನ್ನು ಬೇರೆ ಊರಿನ, ಬೇರೆ ದೇಶದ ಸಂಶೋಧಕರು ಓದಿ, ತಾವು ಬರೆಯುವಾಗ ‘ಇಂಥವರು ಹೀಗೆ ಹೇಳಿದ್ದಾರೆ’ ಎಂದು ನಮ್ಮ ಹೆಸರು ಎತ್ತಬೇಕು. ಇದಕ್ಕೆ ಉಲ್ಲೇಖ ಅನ್ನುತ್ತಾರೆ. ಎಷ್ಟು ಮಂದಿ ಹೆಸರು ಎತ್ತಿದರೋ ಅಷ್ಟು ನಮ್ಮ ತೂಕ.

ನಮ್ಮ ವಿಭಾಗಕ್ಕೆ ಪ್ರೊಫೆಸರ್ ಹುದ್ದೆ ಇದ್ದದ್ದು ಒಂದೇ. ತಕ್ಕವರು ಸಿಗದಿದ್ದರೆ ಆ ಹುದ್ದೆ ರದ್ದಾಗುತ್ತಿತ್ತು, ಅದರ ಜೊತೆಗೆ ನಾನು ಕಾಡಿ ಬೇಡಿ ಕಟ್ಟಿದ ಪ್ರಯೋಗಶಾಲೆಯೂ ಹೋಗುತ್ತಿತ್ತು. ಪರೀಕ್ಷೆಯ ಮುರುಕು ಬೆಂಚುಗಳನ್ನು ಇಡಲು ಪ್ರಿನ್ಸಿಪಾಲರು ಆ ಕೋಣೆಗಳ ಅಳತೆಯನ್ನೂ ಮಾಡಿಸಿಟ್ಟಿದ್ದರು. ಹಾಗಾಗಿ ಆ ಹುದ್ದೆ ನನಗೆ ಬೇಕೇ ಬೇಕಾಗಿತ್ತು. ಅದರ ಸಂದರ್ಶನದ ಕುರ್ಚಿಯ ತನಕ ನಾನು ನಡೆದು ಬಂದ ದಾರಿಯಲ್ಲಿ ಆದದ್ದು ಇವಿಷ್ಟು.

ಮುತ್ಯಾನ ಚಹಾ

ನಮ್ಮ ಸೀಮೆಯಲ್ಲಿ ಆ ದೊಡ್ಡ ಭೂಕಂಪವಾಗಿ ಹೆಚ್ಚು ಕಾಲ ಆಗಿರಲಿಲ್ಲ. ನನಗಿನ್ನೂ ಮದುವೆ ಆಗಿರಲಿಲ್ಲ, ಪಿಎಚ್‌ಡಿ ಮಾಡುತ್ತಿದ್ದೆ. ಉಮರ್ಗಾ ಕಡೆ ಮನೆ ಕಳೆದುಕೊಂಡವರಿಗೆ ಪತ್ರಾದ, ಅಂದರೆ ತಗಡಿನ, ಶೆಡ್ಡುಗಳನ್ನು ಸಾಲಾಗಿ ಹಾಕಿಕೊಟ್ಟಿದ್ದರು. ಲಾರಿ ಹೋದರೆ ಸಾಕು, ತಗಡು ಗಡಗಡ ಅನ್ನುತ್ತಿತ್ತು, ಒಳಗಿದ್ದವರೆಲ್ಲ ಕೂಸು ಎತ್ತಿಕೊಂಡು ಹೊರಗೆ ಓಡುತ್ತಿದ್ದರು. ಸಣ್ಣ ಸದ್ದಿಗೂ ಬೆಚ್ಚುವ ಎದೆ ಮತ್ತೆ ತಣ್ಣಗಾಗಲು ಎಷ್ಟು ಹೊತ್ತು ತೆಗೆದುಕೊಳ್ಳುತ್ತದೆ? ಇದು ನನ್ನ ಪ್ರಶ್ನೆ. ಅಂಥ ಮಂದಿಯನ್ನು ಅಳೆಯಲು ಹೋಗುವುದಕ್ಕೆ ನನಗೆ ಹೆದರಿಕೆಯೂ ಇತ್ತು, ನಾಚಿಕೆಯೂ ಇತ್ತು. ಅವರೇ ಚಾಪೆ ಹಾಸಿ ಕೂಡಿಸಿದರು.

ನನ್ನ ಹತ್ತಿರ ಒಂದು ಯಂತ್ರವಿತ್ತು. ಬೆರಳಿಗೆ ಒಂದು ಚಿಮಟಿಗೆ ಸಿಕ್ಕಿಸಿದರೆ, ತಿರುಗುವ ಕಾಗದದ ಮೇಲೆ ಒಂದು ಮುಳ್ಳು ನಾಡಿಯನ್ನು ಗೆರೆಗೆರೆಯಾಗಿ ಬರೆಯುತ್ತಿತ್ತು. ಆ ಸಾಲಿನ ಹಿರಿಯ ಅಜ್ಜ, ಎಲ್ಲರಿಗೂ ಮುತ್ಯಾ, ಬಂದು ಅದನ್ನು ಸುತ್ತಲೂ ನೋಡಿದ.

“ಬಾಯೀ, ಭೂಕಂಪ ಅಳಿಯೂ ಮಷೀನ ಹಿಂಗ ಇರತದಂತ ಪೇಪರದಾಗ ಫೋಟೋ ನೋಡೀನಿ. ಇದಾ ಅಲ್ಲೇನು ಅದು?”

“ಅಲ್ರೀ ಮುತ್ಯಾ, ಇದು ಎದಿ ಬಡಿತ ಬರೀತದ.”

“ಹೂಂ,” ಅಂದ. ಓದಿದವರು ಮಂದಿ ಹೆದರಬಾರದೆಂದು ಖರೇ ಹೇಳುವುದಿಲ್ಲ ಎಂಬುದು ಆ ಹೂಂನ ಅರ್ಥ.

ಒಬ್ಬ ದಪ್ಪ ಮನುಷ್ಯನನ್ನು ಹೊರಸಿನ ಮೇಲೆ ಮಲಗಿಸಿ ಚಿಮಟಿಗೆ ಸಿಕ್ಕಿಸಿದೆ. ಮುಳ್ಳು ಸಾವಕಾಶ ಬರೆಯುತ್ತಿತ್ತು. ಅಷ್ಟರಲ್ಲಿ ಬೇವಿನ ಗಿಡದಿಂದ ಒಂದು ಮಂಗ್ಯಾ ಧಡ್ ಅಂತ ಪತ್ರಾದ ಮೇಲೆ ಹಾರಿತು. ಮಲಗಿದವನ ಎದೆ ಹಾರಿತು, ಎದೆಯ ಜೊತೆ ಮುಳ್ಳು ಕಾಗದ ಬಿಟ್ಟು ಹಾರಿತು. ಬಾಗಿಲಲ್ಲೇ ಕಾದಿದ್ದ ಮುತ್ಯಾ “ಬಂತೋ! ಮುಳ್ಳ ಹಾರಿತು, ಓಡ್ರೋ!” ಎಂದು ಕೂಗಿದ. ಸಾಲಿಗೆ ಸಾಲೇ ಮೈದಾನದಲ್ಲಿ. ಮಲಗಿದ್ದವನೂ ಓಡಿದ, ಅವನ ಬೆರಳಿಗೆ ನನ್ನ ತಂತಿ, ತಂತಿಯ ಹಿಂದೆ ನನ್ನ ಯಂತ್ರ, ಯಂತ್ರವನ್ನು ಅಪ್ಪಿಕೊಂಡು ನಾನು.

ಮಂಗ್ಯಾನನ್ನು ತೋರಿಸಿ ಹೇಳಿದೆ, ಯಾರೂ ನಂಬಲಿಲ್ಲ. “ಮಂಗ್ಯಾ ಯಾಕ ಹಾರಿತು? ಅದಕ್ಕ ಮೊದಲ ಗೊತ್ತಾಗಿರತದ,” ಅಂದಳು ಒಬ್ಬ ಮುದುಕಿ. ಕೊನೆಗೆ ಅವರೇ ಒಂದು ತೀರ್ಮಾನ ಮಾಡಿದರು. ಯಂತ್ರ ಬೇವಿನ ಗಿಡದ ಕೆಳಗೆ ಇರಬೇಕು, ಮುಳ್ಳು ಸಮ ಬರೆಯುವ ತನಕ ಎಲ್ಲರೂ ಒಳಗೆ ಹೋಗಿ ರೊಟ್ಟಿ ಬಡಿಯುವುದು. ಯಾರದಾದರೂ ಬೆರಳು ಬೇಕಲ್ಲ? ಮುತ್ಯಾ ಕೂತ. ಹೆಂಗಸರು ಒಳಗಿನಿಂದ “ಮುತ್ಯಾ, ಹೆಂಗದ?” ಎಂದು ಕೇಳುವುದು, ಮುತ್ಯಾ “ಸಮ ಅದ” ಅನ್ನುವುದು. ಅಷ್ಟು ದಿನ ಬಾಗಿಲ ಹತ್ತಿರವೇ ಒಲೆ ಹೂಡುತ್ತಿದ್ದವರು ಆವತ್ತು ನೆಮ್ಮದಿಯಿಂದ ಒಳಗೆ ಕೂತು ಅಡುಗೆ ಮಾಡಿದರು. ನನಗೂ ಒಳ್ಳೆಯ ಗೆರೆಗಳು ಸಿಕ್ಕವು. ನನ್ನ ಮೊದಲ ಪ್ರಬಂಧ ಆ ಬೇವಿನ ಗಿಡದ ಕೆಳಗೇ ಹುಟ್ಟಿತು.

ಮರುದಿನ ಒಂದು ತೊಂದರೆ ಬಂತು. ಮುತ್ಯಾ ಬಿಸಿ ಚಹಾ ಕುಡಿದರೆ ಅವನ ನಾಡಿ ಏರುತ್ತಿತ್ತು, ಮುಳ್ಳು ಎತ್ತರಕ್ಕೆ ಹೋಗುತ್ತಿತ್ತು, ಮಂದಿ ಮೈದಾನಕ್ಕೆ ಬರುತ್ತಿದ್ದರು. ಪಂಚರು ಕೂಡಿ ಮುತ್ಯಾನ ಚಹಾ ಬಂದ್ ಮಾಡಿದರು. ನಾನು ಯಂತ್ರ ಕಟ್ಟಿಕೊಂಡು ಹೊರಟ ದಿನ ಆತ ಕೈ ಮುಗಿದು ಅಂದ: “ಬಾಯೀ, ಭೂಕಂಪದಾಗ ಉಳದೀನಿ. ನೀ ಇನ್ನೆರಡ ದಿನ ಇದ್ದಿದ್ರ ಚಹಾ ಇಲ್ಲದ ಸಾಯತಿದ್ದೆ.”

ಉಪವಾಸದ ಪ್ರಯೋಗ

ಮದುವೆಯಾಗಿ ಕೆಲಸಕ್ಕೆ ಸೇರಿದ ಮೇಲೆ ನಾನು ರಕ್ತದ ಸಕ್ಕರೆಯ ಬೆನ್ನು ಹತ್ತಿದೆ. ಜೋಳ ಉಂಡು ಹೊಲ ಗೆಯ್ಯುವವರ ರಕ್ತದಲ್ಲಿ ಖಾಲಿ ಹೊಟ್ಟೆಯಲ್ಲಿ ಸಕ್ಕರೆ ಎಷ್ಟಿರುತ್ತದೆ ಎಂದು ನೋಡಬೇಕಾಗಿತ್ತು. ಶಿರೂರ ಅನಂತಪಾಳ ಕಡೆಯ ಒಂದು ಊರಿನ ಮಂದಿ ಒಪ್ಪಿದರು. ಆದರೆ ಅವರನ್ನು ಒಂದು ಕಡೆ ಹಿಡಿಯುವುದು ಹೇಗೆ? ಒಬ್ಬ ಪೇಟೆಗೆ ಹೋದರೆ ಇನ್ನೊಬ್ಬ ಬೀಗರ ಊರಿಗೆ ಹೋಗಿರುತ್ತಾನೆ. ನಾನು ಬುದ್ಧಿ ಓಡಿಸಿದೆ. ಎಳ್ಳಮಾಸಿ, ಅಂದರೆ ಎಳ್ಳ ಅಮಾವಾಸ್ಯೆಯ ದಿನ ಊರಿಗೆ ಊರೇ ಹೊಲದಲ್ಲಿರುತ್ತದೆ, ನನಗೂ ರಜೆ. ಆವತ್ತೇ ಮಾಡೋಣ ಅಂದೆ. ಭಾಲ್ಕಿಯಲ್ಲಿ ಹುಟ್ಟಿ ಬೆಳೆದವಳು ಇಂಥ ತಪ್ಪು ಮಾಡಿದೆ ಅಂದರೆ ಓದು ಜಾಸ್ತಿಯಾಗಿತ್ತು ಎಂದೇ ಅರ್ಥ.

ನಮ್ಮ ಕಡೆ ಎಳ್ಳಮಾಸಿ ಹೇಗೆಂದರೆ, ಹೊಲದಲ್ಲಿ ಜೋಳದ ಕಣಿಕೆಯಿಂದ ಗುಡಿಸಲಿನಂಥ ಕೊಂಪಿ ಕಟ್ಟಿ, ಪೂಜೆ ಮಾಡಿ, ಕಾಳು ಸೊಪ್ಪು ಕೂಡಿಸಿ ಬೇಯಿಸಿದ ಭಜ್ಜಿ, ರೊಟ್ಟಿ, ಗಡಿಗೆ ತುಂಬ ಅಂಬಲಿ. ಬದುವಿನ ಮೇಲೆ ನಡೆದು ಹೋಗುವವನು ಯಾರೇ ಇರಲಿ, ಕರೆದು ಉಣ್ಣಿಸಲೇಬೇಕು. ಕರೆದಾಗ ಒಲ್ಲೆ ಅನ್ನುವಂತಿಲ್ಲ.

ಬೆಳಿಗ್ಗೆಯೇ ಹೋದೆ. “ಹೇಳಿದಂಗ ಖಾಲಿ ಹೊಟ್ಟಿಲೇ ಇದ್ದೀರಿ ಹೌದಲ್ರೀ?” ಎಂದು ಒಬ್ಬೊಬ್ಬರನ್ನೂ ಕೇಳಿದೆ. “ಒಂದ ಅಗಳ ತಿಂದಿಲ್ರೀ ಬಾಯಿ, ಮಹಾದೇವನ ಆಣಿ,” ಅಂದರು. ಬೆರಳು ಚುಚ್ಚಿ ನೋಡುತ್ತೇನೆ, ಸಕ್ಕರೆ ಗಡದ್ದಾಗಿ ಉಂಡವರದ್ದು. ಒಬ್ಬನದಲ್ಲ, ಎಲ್ಲರದ್ದೂ. ನನ್ನ ಉಪಕರಣ ಕೆಟ್ಟಿತೆಂದು ತಲೆಯ ಮೇಲೆ ಕೈ ಹೊತ್ತು ಕೂತೆ. ಆಗ ಒಬ್ಬ ರೈತ ನನ್ನ ಮುಖ ನೋಡಲಾರದೆ ಬಾಯಿ ಬಿಟ್ಟ.

“ನಮ್ಮ ಹೊಲದಾಗ ಏನೂ ತಿಂದಿಲ್ರೀ. ಬರೂ ಹಾದ್ಯಾಗ ಬಾಜೂ ಹೊಲದವರು ಕರದ್ರು.”

“ಅವರಿಗೆ ಹೇಳಬೇಕಿಲ್ರೀ, ಉಪವಾಸ ಅದೀನಿ ಅಂತ?”

“ಎಳ್ಳಮಾಸಿ ದಿನ ಒಲ್ಲೆ ಅನ್ನಲಾಕ ಬರತದೇನ್ರೀ ಬಾಯಿ? ನಿಮಗ ಬ್ಯಾರೆ ದಿನಾ ರಕ್ತ ಕೊಡಬಹುದು. ಬಾಜೂ ಹೊಲದವನ ಸಿಟ್ಟ ವರ್ಷಗಟ್ಟಲೆ ಇರತದ.”

ಇದು ಸಾಲದೆಂದು ನನ್ನನ್ನೇ ಹಿಡಿದರು. ನಾನು ಉಣ್ಣದೆ ಯಾರೂ ಬೆರಳು ಕೊಡಲು ತಯಾರಿಲ್ಲ. “ಹಸಗೊಂಡ ಬಂದು ನಮ್ಮ ರಕ್ತ ತಗೀತೀರಿ? ನಮಗ ಪಾಪ ಹತ್ತಂಗಿಲ್ಲೇನು?” ಎಂದು ಒಬ್ಬ ಹೆಣ್ಣುಮಗಳು ಎಲೆ ಹಾಕಿಯೇ ಬಿಟ್ಟಳು. ಬೆರಳಿಗೊಂದು ಊಟ. ಮಧ್ಯಾಹ್ನದ ಹೊತ್ತಿಗೆ ನಾನು ಕೊಂಪಿಯಲ್ಲಿ ಕಾಲು ಚಾಚಿ ಕೂತಿದ್ದೆ, ಏಳಲು ಆಗಲಿಲ್ಲ.

ಅಲ್ಲಿ ಕೂತಾಗಲೇ ಹೊಳೆಯಿತು. ಇವರು ಉಪವಾಸ ಮಾಡುವುದಿಲ್ಲ, ಸರಿ. ಆದರೆ ಉಣ್ಣುವುದನ್ನು ಇವರಷ್ಟು ನಿಷ್ಠೆಯಿಂದ ಮಾಡುವವರು ಎಲ್ಲಿ ಸಿಗುತ್ತಾರೆ? ಎಲ್ಲರೂ ಅದೇ ಭಜ್ಜಿ, ಅದೇ ಅಂಬಲಿ. ಉಂಡ ಮೇಲೆ ಸಕ್ಕರೆ ಹೇಗೆ ಏರುತ್ತದೆ, ಹೇಗೆ ಇಳಿಯುತ್ತದೆ ಎಂದು ಸಂಜೆಯ ತನಕ ಮತ್ತೆ ಮತ್ತೆ ಚುಚ್ಚಿ ನೋಡಿದೆ. ಏರುವುದು ಬಲು ನಿಧಾನ. ಉಪವಾಸದ ಪ್ರಬಂಧ ಬಿಟ್ಟು ಅಂಬಲಿಯ ಪ್ರಬಂಧ ಬರೆದೆ, ಆದದ್ದನ್ನು ಆದ ಹಾಗೇ ಬರೆದೆ. ಒಳ್ಳೆಯ ಪತ್ರಿಕೆಯೊಂದು ತೆಗೆದುಕೊಂಡಿತು. ಅದನ್ನು ಪರಿಶೀಲಿಸಿದ ಹೊರದೇಶದ ವಿದ್ವಾಂಸರಿಗೆ ಒಂದೇ ಸಂಶಯ. ತಮ್ಮಲ್ಲಿ ದುಡ್ಡು ಕೊಟ್ಟರೂ ಅರ್ಧ ಮಂದಿ ಪ್ರಯೋಗದ ಊಟ ಬಿಟ್ಟು ಓಡುತ್ತಾರೆ, ನಿಮ್ಮಲ್ಲಿ ಒಬ್ಬರೂ ಊಟ ನಿರಾಕರಿಸಲಿಲ್ಲವಲ್ಲ, ಇದಕ್ಕೆ ಯಾವ ವಿಧಾನ ಬಳಸಿದಿರಿ ಎಂದು ಕೇಳಿದ್ದರು. ಬರುವ ಎಳ್ಳಮಾಸಿಗೆ ಖುದ್ದು ಬಂದು ಬದುವಿನ ಮೇಲೆ ನಡೆದು ನೋಡಿ, ನಿಮ್ಮ ಮೇಲೂ ಅದೇ ವಿಧಾನ ಬಳಸುತ್ತಾರೆ ಎಂದು ಉತ್ತರ ಬರೆದೆ.

ನಿಲಂಗಾದ ಬ್ಯಾನರು

ಅಂಬಲಿಯ ಪ್ರಬಂಧವನ್ನು ಮೊದಲ ಸಲ ಹೊರದೇಶದ ಒಬ್ಬರು ಉಲ್ಲೇಖಿಸಿದ ದಿನ ನಾನು ಮನೆಯಲ್ಲಿ ಸುಮ್ಮನಿರಬೇಕಾಗಿತ್ತು. ಸುಮ್ಮನಿರಲಿಲ್ಲ. ಮಾವನಿಗೆ ಹೇಳಿದೆ.

“ಹೊರಗಿನ ದೇಶದಾಂವಾ ನಿನ್ನ ಹೆಸರು ತಗೊಂಡಾನ?”

“ಹೌದ್ರೀ ಮಾವಾ.”

“ಬರದು ತಗೊಂಡಾನ?”

“ಅಚ್ಚ ಹಾಕ್ಯಾರ್ರೀ.”

ಮಾವ ಪಟಕಾ ಸುತ್ತಿಕೊಂಡು ಎದ್ದು ಹೋದರು. ನಮ್ಮ ಕಡೆ ಯಾರಿಗಾದರೂ ಏನಾದರೂ ಒಳ್ಳೆಯದಾದರೆ ಅದು ಬ್ಯಾನರಿನ ಮೇಲೆ ಬಂದ ಮೇಲೆಯೇ ಖರೇ ಆಗುತ್ತದೆ. ಹುಟ್ಟುಹಬ್ಬವಾಗಲಿ, ಸೊಸೈಟಿಯ ಚುನಾವಣೆಯಾಗಲಿ, ಚೌಕದಲ್ಲಿ ಹಾಕದಿದ್ದರೆ ಆಗಿಲ್ಲವೆಂದೇ ಲೆಕ್ಕ. ಎರಡು ದಿನ ಬಿಟ್ಟು ನಾನು ಬಸ್ಸಿನಲ್ಲಿ ಹೋಗುವಾಗ ನಿಲಂಗಾದ ಸ್ಟ್ಯಾಂಡಿನ ಎದುರಿಗೆ ನನ್ನನ್ನೇ ನೋಡಿದೆ. ಮರಾಠಿಯಲ್ಲಿ ‘ಹಾರ್ದಿಕ ಅಭಿನಂದನ’, ಅದರ ಕೆಳಗೆ ಮದುವೆಯ ಫೋಟೋದಿಂದ ಕತ್ತರಿಸಿದ ನನ್ನ ಮುಖ, ತಲೆಗೆ ಬಾಸಿಂಗ. ಮಗ್ಗುಲಿಗೆ ನಮ್ಮ ಮನೆಯ ದೇವಣಿ ಹೋರಿ. ಅದು ಹಿಂದಿನ ವರ್ಷ ಪ್ರದರ್ಶನದಲ್ಲಿ ಗೆದ್ದಿತ್ತು, ಅದರ ಅಭಿನಂದನೆ ಬಾಕಿ ಇತ್ತು, ಎರಡನ್ನೂ ಒಂದೇ ಖರ್ಚಿನಲ್ಲಿ ಮುಗಿಸಿದ್ದರು. ಹೋರಿಯ ಫೋಟೋ ನನ್ನದಕ್ಕಿಂತ ದೊಡ್ಡದು. ಸುತ್ತಲೂ ಕೈ ಮುಗಿದ ಶುಭೇಚ್ಛುಕರ ಸಣ್ಣ ಸಣ್ಣ ಫೋಟೋ. ಕಾಲೇಜಿನಲ್ಲಿ ಒಬ್ಬ ಸಹೋದ್ಯೋಗಿ ಕೈ ಕುಲುಕಿ, “ಮೇಡಂ, ಇಬ್ಬರಾಗ ಯಾರ ಪ್ರಬಂಧರೀ?” ಎಂದು ಕೇಳಿದರು.

ನನ್ನ ಕಷ್ಟ ಬೇರೆ ಇತ್ತು. ಆ ಹೊರದೇಶದವರು ನನ್ನ ಹೆಸರು ಎತ್ತಿದ್ದು ಹೊಗಳುವುದಕ್ಕಲ್ಲ. ಈ ಫಲಿತಾಂಶದ ಬಗ್ಗೆ ತಮಗೆ ಸಂಶಯವಿದೆ, ಇನ್ನಷ್ಟು ನೋಡಬೇಕು ಎಂದು ಬರೆದಿದ್ದರು. ಅಭಿನಂದಿಸಲು ಬರುವವರನ್ನು ಕಂಡರೆ ದಾರಿ ಬದಲಿಸತೊಡಗಿದೆ. ಕೊನೆಗೆ ಮಾವನಿಗೆ ನಿಜ ಹೇಳಿ, ಬ್ಯಾನರು ಇಳಿಸಿ ಎಂದೆ.

ಮಾವ ಅಂದರು: “ಸಂಶೇ ಅದ ಅಂತ ಬರದಾನ? ಹಂಗಾರ ಅಂವಾ ಪೂರಾ ಓದ್ಯಾನವ್ವಾ. ನಿಮ್ಮ ಕಾಲೇಜಿನಾಗ ಯಾರ ಓದ್ಯಾರ ಹೇಳು, ಅವರ ಫೋಟೋನೂ ಹಾಕಸ್ತೀನಿ.”

ಬ್ಯಾನರು ಮಳೆಗಾಲದ ತನಕ ಇತ್ತು.

ಆಯಾರ

ಪ್ರೊಫೆಸರ್ ಹುದ್ದೆಗೆ ಅರ್ಜಿ ಕರೆದ ವರ್ಷ ಬೇರೊಂದು ಕಾಲೇಜಿನ ಒಬ್ಬ ಪ್ರಾಧ್ಯಾಪಕರು ಫೋನು ಮಾಡಿದರು. ಅವರಿಗೂ ಎಲ್ಲೋ ಬಡ್ತಿ ಬೇಕಾಗಿತ್ತು. “ಮೇಡಂ, ನೀವು ನನ್ನ ಹೆಸರು ಎತ್ತಿರಿ, ನಾನು ನಿಮ್ಮ ಹೆಸರು ಎತ್ತುತ್ತೇನೆ. ಇಬ್ಬರದ್ದೂ ಏರುತ್ತದೆ,” ಅಂದರು. ಹೀಗೆ ಮಾಡುವವರು ಬಹಳ ಮಂದಿ ಇದ್ದಾರಂತೆ, ಒಂದು ಕೂಟವೇ ಇದೆಯಂತೆ.

ಅತ್ತೆ ಪಕ್ಕದಲ್ಲೇ ಶೇಂಗಾ ಒಡೆಯುತ್ತ ಕೂತಿದ್ದರು. ಏನದು ಎಂದು ಕೇಳಿದರು, ಹೇಳಿದೆ. ಅವರಿಗೆ ಕೂಡಲೇ ತಿಳಿಯಿತು. ಮದುವೆಯಲ್ಲಿ ಬೀಗರು ನಮಗೆ ಸೀರೆ, ಪಟಕಾ ಉಡುಗೊರೆ ಕೊಟ್ಟರೆ, ಅವರ ಮನೆಯ ಮದುವೆಗೆ ನಾವು ತಿರುಗಿ ಕೊಡಬೇಕು. ಇದಕ್ಕೆ ಆಯಾರ ಅನ್ನುತ್ತೇವೆ. ತಿರುಗಿ ಕೊಡದವರ ಮನೆಯ ಹೆಸರು ಊರಲ್ಲಿ ಉಳಿಯುವುದಿಲ್ಲ.

“ಆಯಾರ ಅಂದ್ರ ಛಲೋನ ಆತಲ್ಲ,” ಅಂದರು ಅತ್ತೆ. “ಕೊಟ್ಟವರಿಗೆ ಕೊಡಬೇಕು. ಆ ಮಾಸ್ತರು ಏನ ಬರದಾರ?”

ನಾನು ಹುಡುಕಿ ನೋಡಿದೆ. ಅವರು ಏನೂ ಬರೆದಿರಲಿಲ್ಲ. ಬರೆಯುವ ವಿಚಾರದಲ್ಲಿದ್ದರು. ಅದನ್ನೇ ಹೇಳಿದೆ.

ಅತ್ತೆ ಶೇಂಗಾದ ಸಿಪ್ಪೆ ಊದಿ ಹಾರಿಸಿದರು. “ಮದುವೀನಾ ಇಲ್ಲ, ಆಯಾರ ಕೇಳತಾರೇನು? ಮೊದಲ ಹೆಣ್ಣ ಹುಡುಕು ಅನ್ನು ಅವರಿಗಿ.”

ನಾನು ಅದನ್ನೇ ಸ್ವಲ್ಪ ಮರ್ಯಾದೆಯ ಭಾಷೆಗೆ ಇಳಿಸಿ ಫೋನಿನಲ್ಲಿ ಹೇಳಿದೆ. ಅವರು ಆಮೇಲೆ ಮಾತಾಡಿಸಿಲ್ಲ.

ಆ ಇನ್ನೊಬ್ಬ ಬಾಯಿ

ಇದನ್ನು ಹೇಳುವ ಮೊದಲು ನಮ್ಮ ಕಡೆಯ ಒಂದು ಪದ್ಧತಿ ತಿಳಿದಿರಬೇಕು. ಮದುವೆಯ ದಿನ ಸೊಸೆಯ ಹೆಸರು ಬದಲಿಸುತ್ತಾರೆ. ತಾಟಿನಲ್ಲಿ ಅಕ್ಕಿ ಹರಡಿ, ಅದರ ಮೇಲೆ ಉಂಗುರದಿಂದ ಹೊಸ ಹೆಸರು ಬರೆಯುತ್ತಾರೆ. ಕೆಲವರಿಗೆ ಇದು ಬರೀ ಶಾಸ್ತ್ರ. ನನ್ನ ವಿಷಯದಲ್ಲಿ ಬೇರೆ ದಾರಿಯೇ ಇರಲಿಲ್ಲ. ತವರಲ್ಲಿ ನನ್ನ ಹೆಸರು ಮಹಾದೇವಿ, ಅತ್ತೆಯ ಹೆಸರೂ ಮಹಾದೇವಿ. ಸೊಸೆಯನ್ನು ಗದರಿಸುವಾಗ ಅತ್ತೆಯ ಹೆಸರು ಕೂಗಲು ಬರುತ್ತದೆಯೇ? ಹಾಗಾಗಿ ನಾನು ಸುವರ್ಣಾ ಆದೆ. ತವರಿನ ಅಡ್ಡಹೆಸರು ಬಿರಾದಾರ, ಗಂಡನ ಮನೆಯದೂ ಬಿರಾದಾರ. ಈ ಸೀಮೆಯಲ್ಲಿ ಕಲ್ಲು ಒಗೆದರೆ ಬಿರಾದಾರರ ಅಂಗಳಕ್ಕೇ ಬೀಳುತ್ತದೆ.

ಇನ್ನೊಂದು ಮಾತು. ನಮ್ಮ ಮಾವನ ಕಾಲದ ಗಂಡಸರು ಹೆಂಡತಿಯ ಹೆಸರು ಹೇಳುವುದಿಲ್ಲ. ಮಾವನ ಎದುರಿಗೆ ಸೊಸೆ ಅತ್ತೆಯ ಹೆಸರು ಹೇಳುವುದಂತೂ ಇಲ್ಲವೇ ಇಲ್ಲ.

ಸಂದರ್ಶನಕ್ಕೆ ನಾನು ಎದೆಯುಬ್ಬಿಸಿಕೊಂಡೇ ಹೋದೆ. ಮಾವ ಜೊತೆಗೆ ಬಂದು ವರಾಂಡದ ಬೆಂಚಿನಲ್ಲಿ ಕೂತರು. ಒಳಗೆ ಪ್ರಿನ್ಸಿಪಾಲರು, ಇಬ್ಬರು ಸದಸ್ಯರು, ನಡುವೆ ದೂರದ ಊರಿನಿಂದ ಬಂದ ತಜ್ಞರು. ತಜ್ಞರು ನಗುವ ಮನುಷ್ಯರಲ್ಲ. ಅವರ ಮುಂದೆ ಯಾರ ಪ್ರಬಂಧವನ್ನು ಯಾರು ಉಲ್ಲೇಖಿಸಿದ್ದಾರೆಂದು ಕಂಪ್ಯೂಟರಿನಿಂದ ತೆಗೆದ ಹಾಳೆಗಳಿದ್ದವು. ಮಾತೆಲ್ಲ ಮರಾಠಿಯಲ್ಲಿ ಆಯಿತು, ನಾನಿಲ್ಲಿ ಕನ್ನಡದಲ್ಲಿ ಹೇಳುತ್ತೇನೆ.

“ನಿಮ್ಮ ಕೆಲಸ ಚೆನ್ನಾಗಿದೆ,” ಅಂದರು ತಜ್ಞರು. “ಆದರೆ ನೀವು ಪ್ರತಿಯೊಂದು ಪ್ರಬಂಧದಲ್ಲೂ ಮಹಾದೇವಿ ಬಿರಾದಾರ ಎಂಬವರನ್ನು ಉಲ್ಲೇಖಿಸಿದ್ದೀರಿ. ಭೂಕಂಪದ ಮಂದಿಯ ನಾಡಿಯ ಬಗ್ಗೆ ಬರೆದವರು. ಅವರು ದೊಡ್ಡ ವಿದುಷಿ. ಎಷ್ಟೋ ದೇಶದವರು ಅವರ ಹೆಸರು ಎತ್ತಿದ್ದಾರೆ. ಖರೇ ಹೇಳಬೇಕೆಂದರೆ ಅವರ ತೂಕ ನಿಮಗಿಂತ ಹೆಚ್ಚು.”

ಮದುವೆಯ ಮೊದಲು ಬರೆದದ್ದೆಲ್ಲ ಹಳೆಯ ಹೆಸರಿನಲ್ಲಿ ಅಚ್ಚಾಗಿತ್ತು, ಆಮೇಲಿನದು ಹೊಸ ಹೆಸರಿನಲ್ಲಿ. ಕಂಪ್ಯೂಟರು ನನ್ನನ್ನು ಇಬ್ಬರು ಹೆಂಗಸರನ್ನಾಗಿ ಮಾಡಿತ್ತು.

“ಪಾಪ, ಅವರು ಇದ್ದಕ್ಕಿದ್ದಂತೆ ಬರೆಯುವುದನ್ನೇ ನಿಲ್ಲಿಸಿದರು,” ಅಂದರು ತಜ್ಞರು. “ಏನಾಯಿತು ಅವರಿಗೆ?”

“ಮದುವೆಯಾಯಿತು ಸರ್.”

ತಜ್ಞರು ಸದಸ್ಯರ ಕಡೆ ತಿರುಗಿ ಬೇಸರದಿಂದ ತಲೆಯಾಡಿಸಿದರು. “ನೋಡಿ, ನಮ್ಮ ಹೆಣ್ಣುಮಕ್ಕಳ ಪ್ರತಿಭೆ ಹೀಗೆ ಒಲೆಯ ಮುಂದೆ ಹಾಳಾಗುತ್ತದೆ. ಅವರು ಇದ್ದಿದ್ದರೆ ಈ ಕುರ್ಚಿಯನ್ನು ಕಣ್ಣು ಮುಚ್ಚಿ ಅವರಿಗೇ ಕೊಡುತ್ತಿದ್ದೆವು.”

“ಇದ್ದಾರೆ ಸರ್. ನಾನೇ ಅವರು.”

ತಜ್ಞರು ಕನ್ನಡಕ ತೆಗೆದು, ಮತ್ತೆ ಹಾಕಿಕೊಂಡರು. “ಅದಕ್ಕೇ ಅವರ ಪ್ರಬಂಧಗಳನ್ನೂ ನಿಮ್ಮವೆಂದು ಅರ್ಜಿಯಲ್ಲಿ ತೋರಿಸಿದ್ದೀರೇನು? ಇನ್ನೊಬ್ಬರ ಕೆಲಸವನ್ನು ತನ್ನದೆಂದರೆ ಅದಕ್ಕೆ ಏನನ್ನುತ್ತಾರೆ ಗೊತ್ತೇ?”

ಕಳ್ಳತನ ಅನ್ನುತ್ತಾರೆ. ಅವರು ಆ ಮಾತು ಆಡಲಿಲ್ಲ, ಆದರೆ ಎಲ್ಲರಿಗೂ ಕೇಳಿಸಿತು. ನನಗೆ ಸಿಟ್ಟು ಬಂತು, ಅಳುವೂ ಬಂತು. ನನ್ನದೇ ದುಡಿಮೆ, ನನ್ನದೇ ಹೆಸರು, ನಾನೇ ಕಳ್ಳಿ. ಹುದ್ದೆ ಹೋದರೆ ಹೋಗಲಿ, ಈ ಮಾತು ಹೊತ್ತು ಮನೆಗೆ ಹೇಗೆ ಹೋಗಲಿ ಅನ್ನಿಸಿತು. ಹೆಸರು ಬದಲಾದ ಗೆಜೆಟ್ಟಿನ ಪ್ರತಿ ಆಫೀಸಿನಲ್ಲಿದೆ ಎಂದೆ. ಹೆಡ್ ಕ್ಲರ್ಕ್ ಅದನ್ನು ತರಲು ಹೋದರು. ಅವರ ಕಪಾಟಿನಲ್ಲಿ ಒಂದು ಕಾಗದ ಸಿಗಬೇಕೆಂದರೆ ದೇವರೇ ಬರಬೇಕು.

ಸುಮ್ಮನೆ ಕೂತಿರುವುದೇಕೆಂದು ಪ್ರಿನ್ಸಿಪಾಲರಿಗೆ ಒಂದು ವಿಚಾರ ಹೊಳೆಯಿತು. “ಅವರ ಮಾವನವರು ಹೊರಗೇ ಕೂತಿದ್ದಾರೆ. ಹಿರಿಯ ಮನುಷ್ಯ, ಸುಳ್ಳು ಹೇಳುವವರಲ್ಲ. ಅವರನ್ನೇ ಕೇಳೋಣ.”

ಮಾವ ಒಳಗೆ ಬಂದು ಎಲ್ಲರಿಗೂ ಕೈ ಮುಗಿದು ನಿಂತರು. ತಜ್ಞರು ನೇರವಾಗಿ ಕೇಳಿದರು: “ಮಹಾದೇವಿ ಬಿರಾದಾರ ಅಂದರೆ ಯಾರು, ನಿಮಗೆ ಗೊತ್ತೇ?”

ಮಾವನ ಕಿವಿ ಕೆಂಪಾಯಿತು. ಅಷ್ಟು ಮಂದಿ ಓದಿದವರ ನಡುವೆ, ಕಚೇರಿಯಲ್ಲಿ, ಗುರುತಿಲ್ಲದವರೊಬ್ಬರು ತಮ್ಮ ಹೆಂಡತಿಯ ಹೆಸರು ಕೂಗುವರೆಂದು ಅವರು ಎಣಿಸಿರಲಿಲ್ಲ. ಪಟಕಾ ಸರಿಮಾಡಿಕೊಂಡು ನೆಲ ನೋಡಿದರು.

“ಗೊತ್ತ ಅದಾರ್ರೀ. ನಮ್ಮ ಮನ್ಯಾಗಿನವರಾ.”

“ನಿಮ್ಮ ಮನೆಯಲ್ಲಿದ್ದಾರೆಯೇ? ಈಗಲೂ?”

“ಇರದ ಎಲ್ಲಿ ಹೋಗತಾರ್ರೀ?”

ತಜ್ಞರು ನನ್ನನ್ನು ಒಂದು ನೋಟ ನೋಡಿದರು. ನಾನು ಬಾಯಿ ತೆರೆದೆ, ಮಾವ ಎದುರಿಗಿದ್ದರು, ಬಾಯಿ ಮುಚ್ಚಿದೆ. ಆ ಹೆಸರು ಅವರ ಮುಂದೆ ನಾಲಗೆಗೆ ಬರಲೊಲ್ಲದು.

“ಮತ್ತೆ ಅವರು ಕೆಲಸ ಯಾಕೆ ಬಿಟ್ಟರು?”

“ಮೊಣಕಾಲ ಹಿಡದಾವ್ರೀ ಸಾಹೇಬ್ರ. ಈಗ ಕೂತಲ್ಲೇ ಎಲ್ಲಾರ ಕಡಿಂದ ಮಾಡಸ್ತಾರ.”

“ಮಾರ್ಗದರ್ಶನ ಮಾಡುತ್ತಾರೆ,” ಎಂದು ಒಬ್ಬ ಸದಸ್ಯರು ಬರೆದುಕೊಂಡರು.

“ಅವರು ಹೇಳಿದ್ದನ್ನು ಮಂದಿ ಒಪ್ಪುತ್ತಾರೆಯೇ?”

ಈಗ ಮಾವ ತಲೆ ಎತ್ತಿದರು. ನಾಚಿಕೆ ಹೋಗಿ ಅಭಿಮಾನ ಬಂದಿತ್ತು. “ಒಪ್ಪದ ಏನ್ರೀ! ಕೂಸಿನ ಹೊಟ್ಟಿ ನೋಯಲಿ, ಎತ್ತಿನ ಕಾಲ ಉಳುಕಲಿ, ಊರಾಗ ಮಂದಿ ‘ಆಕಿ ಹಿಂಗ ಹೇಳ್ಯಾಳ’ ಅಂತ ಆಕಿ ಮಾತನ ಎತ್ತತಾರ. ಬೀದರ ತನಕ ಹೋಗ್ಯಾವ್ರೀ ಆಕಿ ಮಾತು.”

“ರಾಜ್ಯದ ಹೊರಗೂ,” ಅಂದರು ಸದಸ್ಯರು.

“ಹಾಗಾದರೆ ನಿಮ್ಮ ಈ ಸೊಸೆ?”

“ಈಕಿನೂ ಶ್ಯಾಣ್ಯಾಕೀನ ಅದಾಳ್ರೀ. ಸುಳ್ಳ ಯಾಕ ಹೇಳಬೇಕು, ಆಕಿ ಮುಂದ ಈಕಿ ಇನ್ನಾ ಕಲೀಬೇಕು.”

ತಜ್ಞರು ಪೆನ್ನಿನ ಮುಚ್ಚಳ ಹಾಕಿದರು. ಅಂದರೆ ನನ್ನ ಕಥೆ ಮುಗಿಯಿತು. ಆಗ ನಾನು ಎದ್ದು ನಿಂತೆ. ಮಾವನ ಕಡೆ ಬೆನ್ನು ಮಾಡಿ, ಸೆರಗು ತಲೆಯ ಮೇಲೆ ಎಳೆದುಕೊಂಡು, ಗೋಡೆಗೆ ಹೇಳುವವಳ ಹಾಗೆ ಜೋರಾಗಿ ಹೇಳಿದೆ: “ಸರ್, ಮಹಾದೇವಿ ಅನ್ನುವುದು ನನ್ನ ಅತ್ತೆಯ ಹೆಸರು. ಮದುವೆಯ ಮೊದಲು ನನ್ನ ಹೆಸರೂ ಅದೇ. ಒಂದು ಮನೆಯಲ್ಲಿ ಇಬ್ಬರು ಬೇಡವೆಂದು ನನ್ನದನ್ನು ಬದಲಿಸಿದರು. ಇವರು ಹೇಳುತ್ತಿರುವುದು ಅತ್ತೆಯ ವಿಷಯ. ಅತ್ತೆ ಶಾಲೆಯ ಮೆಟ್ಟಿಲು ಹತ್ತಿದವರಲ್ಲ.”

ಹಿಂದೆ ಮಾವ “ಶಿವಾ ಶಿವಾ” ಅಂದದ್ದು ಕೇಳಿಸಿತು. ಅಷ್ಟರಲ್ಲಿ ಹೆಡ್ ಕ್ಲರ್ಕ್ ಮೈಯೆಲ್ಲ ಧೂಳು ಮಾಡಿಕೊಂಡು ಗೆಜೆಟ್ಟಿನ ಪ್ರತಿ ತಂದರು. ತಜ್ಞರು ಅದನ್ನು ಓದಿದರು, ಹಾಳೆಗಳನ್ನು ನೋಡಿದರು, ಮಾವನನ್ನು ನೋಡಿದರು. ಆಮೇಲೆ ಆ ನಗದ ಮನುಷ್ಯ ಮೇಜಿನ ಮೇಲೆ ತಲೆ ಇಟ್ಟು ನಕ್ಕರು, ನೀರು ಕೊಡಬೇಕಾಯಿತು. ಇಬ್ಬರು ಬಾಯಿಯರ ಉಲ್ಲೇಖಗಳನ್ನೂ ಕೂಡಿಸಿ, ನನ್ನನ್ನು ನಾನೇ ಎತ್ತಿದ್ದನ್ನು ಕಳೆದು, ನೋಡಿದರು. ಕಳೆದ ಮೇಲೂ ಬೇಕಾದಷ್ಟು ಉಳಿಯಿತು. ಉಳಿಯುತ್ತದೆಂದು ನನಗೆ ಗೊತ್ತಿತ್ತು. ಮಹಾದೇವಿಯ ಹೆಸರನ್ನು ಯಾವ ಯಾವ ದೇಶದವರು ಎತ್ತಿದ್ದಾರೆಂದು ತಜ್ಞರು ಮಾವನಿಗೂ ಓದಿ ಹೇಳಿದರು.

ಸಂಜೆ ಪ್ರಿನ್ಸಿಪಾಲರು ಕರೆದು ಆಯ್ಕೆಯಾದದ್ದನ್ನು ಹೇಳಿದರು. ಬೆಂಚುಗಳಿಗೆ ಬೇರೆ ಜಾಗ ನೋಡುತ್ತೇನೆ ಎಂದೂ ಅಂದರು. ನನಗೆ ನೆಲದ ಮೇಲೆ ಕಾಲೇ ನಿಲ್ಲುತ್ತಿರಲಿಲ್ಲ. ಆದರೆ ದೇವಣಿಯ ಬಸ್ಸಿನಲ್ಲಿ ಮಾವ ನನ್ನ ಕಡೆ ತಿರುಗದೆ ಕಿಟಕಿಯ ಹೊರಗೇ ನೋಡುತ್ತ ಕೂತರು. ಅತ್ತೆಯ ಹೆಸರು ಹೇಳಿದ್ದಕ್ಕೆ ಸಿಟ್ಟಾಗಿದ್ದಾರೆಂದು ನಾನು ಮೆಲ್ಲಗೆ, “ತಪ್ಪಾತ್ರೀ ಮಾವಾ. ಬ್ಯಾರೆ ಹಾದಿ ಇರಲಿಲ್ಲ,” ಎಂದೆ.

“ನಿಂದೇನ ತಪ್ಪವ್ವಾ,” ಅಂದರು. ಸುತ್ತ ಯಾರಾದರೂ ಕೇಳುತ್ತಿದ್ದಾರೇನೋ ಎಂದು ನೋಡಿ, ತಲೆ ಬಗ್ಗಿಸಿ, ದನಿ ಇಳಿಸಿದರು. “ನೀ ಪ್ರೊಫೆಸರ್ ಆದಿ, ಛಲೋ ಆತು. ಆದ್ರ ಆ ಸಾಹೇಬ್ರು ಏನಂದ್ರು, ಕಂಡ ಕಂಡ ದೇಶದ ಗಂಡಸರೆಲ್ಲಾ ಆ ಹೆಸರು ಸರಾಗ ತಗೊಳ್ಳಲಾಕತ್ತಾರಂತ. ಲಗ್ನ ಆಗಿ ಇಷ್ಟ ವರ್ಷ ಆತು, ನಾನಾ ಇನ್ನಾ ಒಮ್ಮಿನೂ ತಗೊಂಡಿಲ್ಲ!”